ನನ್ನ ವಾರಗಿತ್ತಿಯ ಪ್ಲಾಸ್ಮಿಡ್ಡು

ನನ್ನ ವಾರಗಿತ್ತಿ ದಿನವೂ ಕೋಟ್ಯಂತರ ಜೀವಗಳಿಗೆ ಹೊತ್ತು ಹೊತ್ತಿಗೆ, ಅಳೆದು ತೂಗಿ, ಊಟ ಹಾಕುತ್ತಾಳೆ. ತಾಳಿ ಕಟ್ಟಿದ ಗಂಡನಿಗೆ ಮಾತ್ರ ಉಪ್ಪಿಲ್ಲದ ಸಾರು ಬಡಿಸುತ್ತಾಳೆ!

ವಾರಗಿತ್ತಿಯರು ಒಬ್ಬರ ಮೇಲೊಬ್ಬರು ಚಾಡಿ ಹೇಳುವುದು ಹೊಸದಲ್ಲವಲ್ಲ, ಇದೂ ಅದೇ ಇರಬೇಕು ಎಂದು ನೀವು ನಗಬಹುದು. ಆಣೆ ಮಾಡಿ ಹೇಳುತ್ತೇನೆ, ಇದು ಚಾಡಿಯಲ್ಲ. ಹದಿನಾಲ್ಕು ವರ್ಷ ಅದೇ ಅಡುಗೆಮನೆಯಲ್ಲಿ ಪಕ್ಕದಲ್ಲೇ ನಿಂತು ಕಣ್ಣಾರೆ ಕಂಡದ್ದು. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಮಧುಗಿರಿಯಲ್ಲಿ, ಬೆಟ್ಟದ ಬುಡದ ಬೀದಿಯಲ್ಲಿ, ನಮ್ಮದು ಒಂದೇ ಮನೆ, ಒಂದೇ ಒಲೆ. ಸಾಲದ್ದಕ್ಕೆ ಇಬ್ಬರಿಗೂ ಒಂದೇ ಕಾಲೇಜು, ಒಂದೇ ಸ್ಕೂಟರು. ನಾನು ಕನ್ನಡ ಪಾಠ ಹೇಳುತ್ತೇನೆ, ಅವಳು ಬಯೋಟೆಕ್ನಾಲಜಿ. ಸ್ಕೂಟರು ಓಡಿಸುವವಳು ಅವಳು, ಪ್ರಾಣ ಕೈಯಲ್ಲಿ ಹಿಡಿದುಕೊಳ್ಳುವವಳು ನಾನು.

ಉಪ್ಪಿಲ್ಲದ ಸಾರಿನ ಕಥೆ ಶುರುವಾದದ್ದು ಅವಳು ಮದುವೆಯಾಗಿ ಬಂದ ಹೊಸದರಲ್ಲಂತೆ. ಒಂದು ದಿನ ಅತ್ತೆ, "ಸಾರಿಗೆ ಉಪ್ಪು ಜಾಸ್ತಿ ಬಿದ್ದೈತೆ ಕಣೆ" ಅಂದರಂತೆ. ಬೇರೆ ಸೊಸೆಯಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದಳು, ಇಲ್ಲವೇ ಮರುದಿನ ಒಂದು ಚಿಟಿಕೆ ಕಡಿಮೆ ಹಾಕುತ್ತಿದ್ದಳು. ಅಕ್ಕ ಮರುದಿನ ಒಲೆಯ ಮೇಲೆ ಎರಡು ಪಾತ್ರೆ ಇಟ್ಟಳು. ಒಂದಕ್ಕೆ ಉಪ್ಪು, ಇನ್ನೊಂದಕ್ಕೆ ಇಲ್ಲ. "ಇದು ಕಂಟ್ರೋಲು ಅತ್ತೆ. ಯಾವುದನ್ನೇ ಆಗಲಿ ಹೋಲಿಸಿ ನೋಡದೆ ಹೇಳಬಾರದು." ಹೋಲಿಸಿದ್ದಾಯಿತು. ಆಮೇಲೆ ಉಪ್ಪಿಲ್ಲದ್ದನ್ನು ಚೆಲ್ಲುವುದುಂಟೆ? ಭಾವ ಇದ್ದಾರಲ್ಲ! ಅಂದಿನಿಂದ ಇಂದಿನವರೆಗೂ ನಮ್ಮ ಮನೆಯ ಕಂಟ್ರೋಲು ಭಾವನ ಹೊಟ್ಟೆಗೇ.

ಭಾವ ಕಡಲೇಕಾಯಿ ಮಂಡಿ ಇಟ್ಟುಕೊಂಡಿದ್ದಾರೆ. ಸಾಧು ಮನುಷ್ಯ. "ಅಭ್ಯಾಸ ಆಗ್ಬುಟ್ಟೈತೆ ಕಣಮ್ಮ" ಅನ್ನುತ್ತಾರೆ ನನ್ನ ಹತ್ತಿರ. "ಈಗ ಮದ್ವೆ ಮನೇಲಿ ಉಪ್ಪು ಹಾಕಿದ್ ಸಾರು ಉಂಡ್ರೆ ನಾಲಿಗೆ ಉರೀತದೆ."

ಮನೆಯಲ್ಲಿ ಒಟ್ಟಿಗೆ ಇಬ್ಬರಿಗೆ ನೆಗಡಿ ಬಂದರಂತೂ ಅಕ್ಕನಿಗೆ ಹಬ್ಬ! ಒಬ್ಬರಿಗೆ ಕಷಾಯ, ಇನ್ನೊಬ್ಬರಿಗೆ ಬರೀ ಬಿಸಿನೀರು. ಹೋದ ವರ್ಷ ನನಗೂ ನನ್ನ ಗಂಡನಿಗೂ ಹೀಗೇ ಆಯಿತು. ಕಷಾಯ ಕುಡಿದ ನನಗೆ ಏಳು ದಿನಕ್ಕೆ ವಾಸಿಯಾಯಿತು, ಬಿಸಿನೀರು ಕುಡಿದ ಅವರಿಗೂ ಏಳೇ ದಿನಕ್ಕೆ. ಅಕ್ಕ ಎರಡು ದಿನ ಶುಂಠಿಯ ಜೊತೆ ಮಾತು ಬಿಟ್ಟಿದ್ದಳು.

ಇಂಥವಳಿಗೆ ಈ ವರ್ಷ ಒಂದು ಸಂಕಟ ಬಂತು.

ಅವಳ ವಿಭಾಗದಲ್ಲಿ ಉಳಿದದ್ದು ಮೂರೇ ಹುಡುಗಿಯರು. ಒಬ್ಬಳು ಕೊರಟಗೆರೆಯಿಂದ, ಒಬ್ಬಳು ಸಿರಾದಿಂದ, ಇನ್ನೊಬ್ಬಳು ಪಾವಗಡದ ಕಡೆ ರಾಯಚರ್ಲಿನಿಂದ ಬರುತ್ತಿದ್ದರು. ಮೂರು ದಿಕ್ಕಿನಿಂದ ಮೂರು ಬಸ್ಸು. ಒಂದು ಬಸ್ಸು ಕೆಟ್ಟು ನಿಂತರೆ ತರಗತಿಯಲ್ಲಿ ಮೂರನೇ ಒಂದು ಭಾಗ ಗೈರುಹಾಜರು! ಕಾಲೇಜು ಸಮಿತಿಯ ಅಧ್ಯಕ್ಷರು ಎಣ್ಣೆ ಮಿಲ್ಲಿನ ಯಜಮಾನರು. ಅವರು ಒಂದು ದಿನ ಪ್ರಯೋಗಾಲಯಕ್ಕೆ ಬಂದು, ಕೈ ಹಿಂದೆ ಕಟ್ಟಿಕೊಂಡು ಸುತ್ತ ನೋಡಿದರು.

"ಅಲ್ಲಮ್ಮಾ, ಫಿಸಿಕ್ಸ್ ರೂಮಿಗೋದ್ರೆ ಪೆಂಡುಲಮ್ ಆಡ್ತದೆ. ಕೆಮಿಸ್ಟ್ರಿ ರೂಮಲ್ಲಿ ಬಣ್ಣ ಬದಲಾಯಿಸ್ತಾರೆ. ನಿಮ್ ರೂಮಲ್ಲಿ ಯಾವಾಗ ಬಂದ್ರೂ ಬರೀ ನೀರು. ಏನೂ ಕಾಣಂಗೇ ಇಲ್ವಲ್ಲ!"

"ಸಾರ್, ನಮ್ಮದು ಕಣ್ಣಿಗೆ ಕಾಣದ ಜೀವಿಗಳ ಶಾಸ್ತ್ರ."

"ಕಾಣ್ದೇ ಇರೋದಕ್ಕೆ ಇಷ್ಟು ದೊಡ್ ರೂಮ್ ಯಾಕಮ್ಮಾ?" ಅಂದರು ಅಧ್ಯಕ್ಷರು. "ಬ್ಯಾಸಿಗೆ ರಜೆ ಒಳಗೆ ಏನಾರ ಕಾಣೋ ಅಂಗೆ ತೋರ್ಸಿ. ಇಲ್ಲಾಂದ್ರೆ ವಿಭಾಗ ಮುಚ್ಚಿ ರೂಮ್ ಕಾಮರ್ಸ್‌ನವರಿಗೆ ಕೊಟ್ಬುಡಣ."

ಅಂದು ಅಕ್ಕ ಸ್ಕೂಟರನ್ನು ನಿಧಾನವಾಗಿ ಓಡಿಸಿದಳು. ನನಗೆ ಅದೇ ಹೆಚ್ಚು ಭಯವಾಯಿತು. ಮನೆ ಹತ್ತಿರ ಬಂದಾಗ ಹೇಳಿದಳು, "ರಾಯಚರ್ಲಿನ ಹುಡುಗೀನ ತುಮಕೂರಿಗೆ ಕಳಿಸಲ್ಲ ಅಂತ ಅವರಪ್ಪ ಮೊದಲೇ ಹೇಳಿದ್ದಾನೆ. ಇಲ್ಲಿ ಮುಚ್ಚಿದರೆ ಅವಳ ಓದು ಮುಗೀತು."

ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಅಕ್ಕನ ಹಳೆಯ ಸಹಪಾಠಿ ಒಬ್ಬಳಿದ್ದಾಳೆ. ಅವಳಿಗೆ ಫೋನು ಹೋಯಿತು. ಎರಡು ದಿನ ಅದೇನೋ ಗುಸುಗುಸು. ಮೂರನೆಯ ದಿನ ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತಾ ಅಕ್ಕ ಘೋಷಿಸಿದಳು. "ಬೆಳಗುವ ನ್ಯಾನೊಬಾಡಿ ಮಾಡ್ತೀನಿ. ಬ್ಯಾಕ್ಟೀರಿಯಾ ಕೈಲಿ ಮಾಡಿಸ್ತೀನಿ. ಕಾಗದಪತ್ರ ಎಲ್ಲ ಆಯ್ತು. ಪ್ಲಾಸ್ಮಿಡ್ಡು ಅಂಚೆಯಲ್ಲಿ ಬರುತ್ತೆ."

ಉಪ್ಪಿಟ್ಟು ಎಲ್ಲರ ಗಂಟಲಲ್ಲೂ ನಿಂತಿತು.

"ಒಂಟೆ ರಕ್ತದಲ್ಲಿ ಒಂದು ಬಗೆಯ ಕಾವಲುಗಾರರಿರ್ತಾರೆ" ಎಂದು ಶುರು ಮಾಡಿದಳು. "ನಮ್ಮ ರಕ್ತದಲ್ಲೂ ಇದ್ದಾರೆ. ಆದರೆ ನಮ್ಮವರು ದಢೂತಿಗಳು. ಒಂಟೆಯವರು ಸಣ್ಣವರು, ಅವರ ತುದಿಯ ತುಣುಕೊಂದಿದ್ದರೂ ಸಾಕು, ತನ್ನ ಶತ್ರು ಯಾರೋ ಅವನನ್ನು ಮಾತ್ರ ಹುಡುಕಿ ಹಿಡ್ಕೊಳ್ಳುತ್ತೆ, ಬೇರೆಯವರನ್ನು ಮುಟ್ಟಲ್ಲ. ಆ ತುಣುಕೇ ನ್ಯಾನೊಬಾಡಿ. ಅದರ ಬೆನ್ನಿಗೆ ಹಸಿರು ಬೆಳಗೋ ಪ್ರೋಟೀನು ಕಟ್ಟಿದರೆ, ಅದು ಎಲ್ಲಿ ಹೋಗಿ ಕೂತಿದೆ ಅಂತ ನಮ್ಮ ಕಣ್ಣಿಗೆ ಕಾಣುತ್ತೆ."

ಭಾವ ಯೋಚಿಸಿ ಅಂದರು, "ಸಾವ್ರ ಕುರಿ ಮಂದೇಲಿ ತನ್ನ ಕುರೀನೇ ಹುಡ್ಕೋನ ಕೈಗೆ ಬ್ಯಾಟ್ರಿ ಕೊಟ್ಟಂಗೆ ಅನ್ನು."

"ಅಷ್ಟೇ ರೀ!" ಅಕ್ಕನಿಗೆ ಆನಂದವೋ ಆನಂದ. ಆ ದಿನ ಭಾವನಿಗೆ ಇನ್ನೊಂದು ಸೌಟು ಉಪ್ಪಿಟ್ಟು ಬಿತ್ತು. "ನಾನು ತರಿಸ್ತಿರೋದು ಬೂಷ್ಟು ಹಿಡಿದ ಕಡಲೇಕಾಯಲ್ಲಿ ಇರೋ ವಿಷಾನ ಹಿಡಿಯೋ ಅಂಥದ್ದು."

ಕಡಲೇಕಾಯಿ ಮಂಡಿಯ ಭಾವ ತಿನ್ನುವುದನ್ನು ನಿಲ್ಲಿಸಿದರು. "ಲೋಕದಲ್ಲಿ ಬ್ಯಾರೆ ಶತ್ರು ಇರ್ಲಿಲ್ವೇನೆ?"

"ಬ್ಯಾಕ್ಟೀರಿಯಾಕ್ಕೆ ಇದನ್ನೆಲ್ಲ ಮಾಡೋಕೆ ಹೇಗಕ್ಕ ಗೊತ್ತಾಗುತ್ತೆ?" ಎಂದು ನಾನು ಕೇಳಿದೆ.

"ಬರೆದು ಕಳಿಸ್ತೀವಲ್ಲ! ಪ್ಲಾಸ್ಮಿಡ್ಡು ಅಂದ್ರೆ ಡಿಎನ್‌ಎದೊಂದು ಬಳೆ ಅಂದ್ಕೋ. ಆ ಬಳೆಯ ಸುತ್ತ ಮಾಡೋ ವಿಧಾನ ಬರೆದಿರುತ್ತೆ. ಬಳೆ ಒಳಗೆ ಹೋಯ್ತು ಅಂದ್ರೆ ಬ್ಯಾಕ್ಟೀರಿಯಾ ಓದ್ಕೊಂಡು ಮಾಡುತ್ತೆ."

ಇಷ್ಟು ಹೊತ್ತೂ ಗೋಡೆಗೊರಗಿ ಕುಳಿತಿದ್ದ ಅತ್ತೆ ಬಾಯಿ ಬಿಟ್ಟರು. "ಲೇ ದೊಡ್ಡೋಳೇ, ಒಂಟೆ ಅಂದ್ಯಲ್ಲ, ಬಸ್ ಸ್ಟ್ಯಾಂಡ್ ತಾವ ಮಕ್ಳ ಕೂರ್ಸ್ಕೊಂಡು ಓಡಾಡ್ತಿತ್ತಲ್ಲ, ಅದರ ರಕ್ತವಾ? ನಮ್ ಮನೆ ಹೊಸ್ಲು ದಾಟಂಗಿಲ್ಲ!"

"ಒಂಟೇನೂ ಬರಲ್ಲ, ರಕ್ತಾನೂ ಬರಲ್ಲ ಅತ್ತೆ. ಅದರ ಅಕ್ಷರ ಮಾತ್ರ ಬರುತ್ತೆ."

"ಅಕ್ಷರಕ್ಕೆ ಮಡಿ ಮೈಲಿಗೆ ಇಲ್ಲ, ಬರ್ಲಿ ಬುಡು" ಎಂದು ಅತ್ತೆ ಅಪ್ಪಣೆ ಕೊಟ್ಟರು.

ವಾರ ಕಳೆದು ಒಂದು ಮಧ್ಯಾಹ್ನ ಕವರು ಮನೆಗೆ ಬಂತು. ನಾವಿಬ್ಬರೂ ಕಾಲೇಜಿನಲ್ಲಿದ್ದೆವು, ಊಟಕ್ಕೆ ಬಂದಿದ್ದ ಭಾವನ ಕೈಗೆ ಸಿಕ್ಕಿತು. ಒಡೆದು ನೋಡಿದರು. ಒಳಗೊಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಹೆಬ್ಬೆರಳಗಲದ ಬಿಳಿ ಹೀರುಕಾಗದ. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ ಒಂದು ಸೊನ್ನೆ. ಅಷ್ಟೇ! ಹಿಂದೆ ಮುಂದೆ ತಿರುಗಿಸಿದರು, ಬಿಸಿಲಿಗೆ ಹಿಡಿದರು, ಕವರನ್ನು ಕೊಡವಿದರು. ಬಳೆ ಇಲ್ಲ. ಹೆಂಡತಿ ಹಗಲೂ ರಾತ್ರಿ ಕನವರಿಸುತ್ತಿದ್ದ ಬಳೆ ಇಲ್ಲ!

ನಮಗೆ ಫೋನು ಬಂದಾಗ ಭಾವ ಅಂಚೆಕಚೇರಿಯಲ್ಲಿದ್ದರು. ಹಿಂದಿನಿಂದ ಜಗಳದ ಸದ್ದು ಕೇಳುತ್ತಿತ್ತು. ಅಕ್ಕ ಸ್ಕೂಟರನ್ನು ಹೇಗೆ ಓಡಿಸಿದಳೆಂದು ನಾನು ಹೇಳಲಾರೆ, ಕಣ್ಣು ಮುಚ್ಚಿಕೊಂಡಿದ್ದೆ. ನಾವು ಒಳಗೆ ಹೋದಾಗ ಪೋಸ್ಟ್‌ಮಾಸ್ಟರು ಕನ್ನಡಕ ಏರಿಸಿಕೊಂಡು ದೂರು ಬರೆದುಕೊಳ್ಳುತ್ತಿದ್ದರು.

"ಕಳುವಾದ ವಸ್ತು?"

"ಬಳೆ" ಅಂದರು ಭಾವ.

"ಚಿನ್ನದ್ದಾ?"

"ಡಿಎನ್‌ಎದು."

ಪೋಸ್ಟ್‌ಮಾಸ್ಟರು ಪೆನ್ನು ನಿಲ್ಲಿಸಿದರು. "ಡೀಯನ್ನೇ... ಅದ್ಯಾವೂರ ಜ್ಯುವೆಲರ್ಸ್ ಸಾರ್?"

ಅಕ್ಕನಿಗೆ ಅವರ ಮಾತು ಕೇಳಿಸಲೇ ಇಲ್ಲ. ಅವಳ ಕಣ್ಣು ಮೇಜಿನ ಮೇಲಿತ್ತು. ಹೀರುಕಾಗದ ಚೀಲದಿಂದ ಹೊರಗೆ ಬಂದು, ಮಸಿಪಟ್ಟಿಯ ಪಕ್ಕದಲ್ಲಿ ಅಂಗಾತ ಮಲಗಿತ್ತು. ಅದರ ಮೇಲೊಂದು ಕಪ್ಪು ಮುದ್ರೆ!

"ಸಾಕ್ಷಿಗೆ ಇರಲಿ ಅಂತ ಮೊಹರು ಹಾಕಿದ್ದೀನಿ ಮೇಡಂ, ಇನ್ನು ಯಾರೂ ಬದಲಾಯಿಸೋ ಹಾಗಿಲ್ಲ" ಎಂದು ಪೋಸ್ಟ್‌ಮಾಸ್ಟರು ಹೆಮ್ಮೆಯಿಂದ ಹೇಳಿದರು.

ಅಕ್ಕ ಕಾಗದವನ್ನು ಹೂವಿನಂತೆ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದಳು. ಮೊಹರಿನ ಅಂಚು ಪೆನ್ಸಿಲ್ ಸೊನ್ನೆಗೆ ಒಂದು ರಾಗಿಕಾಳಿನಷ್ಟು ಈಚೆಗೆ ನಿಂತಿತ್ತು. ಅವಳು ಬಿಟ್ಟ ಉಸಿರಿಗೆ ಮೇಜಿನ ಮೇಲಿದ್ದ ಮನಿಯಾರ್ಡರ್ ಫಾರಮ್ಮುಗಳು ಹಾರಿದವು.

"ಬಳೆ ಎಲ್ಲೇ?" ಅಂದರು ಭಾವ.

"ಈ ಸೊನ್ನೆಯೊಳಗೇ ಇದೆ ರೀ. ಒಂದು ಹನಿ ಹಾಕಿ ಒಣಗಿಸಿ ಕಳಿಸಿದ್ದಾಳೆ. ಕಣ್ಣಿಗೆ ಕಾಣಲ್ಲ ಅಷ್ಟೇ. ಒಂದಲ್ಲ, ಕೋಟಿ ಕೋಟಿ ಬಳೆ ಇವೆ ಇದರಲ್ಲಿ."

ಭಾವ ಪೋಸ್ಟ್‌ಮಾಸ್ಟರ ಕಡೆಗೆ ತಿರುಗಿ ಕೈಮುಗಿದರು. "ಕಂಪ್ಲೇಂಟು ವಾಪಸ್ ಸಾರ್. ಒಂದು ಕೇಳಕ್ಕೆ ಬಂದೆ, ಕೋಟಿ ಕೊಟ್ರಿ!"

ಇನ್ನು ಪ್ರಯೋಗಾಲಯದ ಕಥೆ. ಸೊನ್ನೆಯನ್ನು ಕತ್ತರಿಸಿ, ನೆನೆಸಿ, ಆ ನೀರನ್ನು ಬ್ಯಾಕ್ಟೀರಿಯಾಗಳಿಗೆ ಕೊಡಬೇಕು. ಸುಮ್ಮನೆ ಕೊಟ್ಟರೆ ಬಳೆ ತೊಡುವುದಿಲ್ಲವಂತೆ. ಮೊದಲು ಐಸಿನಲ್ಲಿ ಕೂರಿಸಬೇಕು, ಆಮೇಲೆ ಮುಕ್ಕಾಲು ನಿಮಿಷ ಬಿಸಿನೀರಿನಲ್ಲಿ ಅದ್ದಬೇಕು, ಮತ್ತೆ ಐಸು. ಆ ಗಾಬರಿಗೆ ಬಾಗಿಲು ತೆರೆದುಕೊಂಡು ಬಳೆ ಒಳಗೆ ಹೋಗುತ್ತದಂತೆ. ಇದನ್ನು ಕೇಳಿ ನನಗೇನೂ ಆಶ್ಚರ್ಯವಾಗಲಿಲ್ಲ. ಮದುವೆಯಾದ ಮೊದಲ ವಾರ ಈ ಮನೆಯಲ್ಲಿ ನನಗೂ ಹೀಗೇ ಮಾಡಿದ್ದರು!

ಆಮೇಲೆ ಅವನ್ನು ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಬೆರೆಸಿದ ತಟ್ಟೆಯಲ್ಲಿ ಹರಡಬೇಕು. ಆ ಔಷಧಿಯನ್ನು ತಡೆದುಕೊಳ್ಳುವ ವಿದ್ಯೆಯೂ ಬಳೆಯಲ್ಲೇ ಬರೆದಿರುತ್ತದಂತೆ. ಬಳೆ ತೊಟ್ಟವು ಬದುಕಿ ಚುಕ್ಕೆಗಳಾಗಿ ಬೆಳೆಯುತ್ತವೆ, ತೊಡದವು ಸಾಯುತ್ತವೆ. ಪಕ್ಕದಲ್ಲಿ ಬಳೆಯನ್ನೇ ಕೊಡದ ಇನ್ನೊಂದು ತಟ್ಟೆ. ಅದೇ ಕಂಟ್ರೋಲು.

ಮಾರನೆಯ ದಿನ ನಾನೂ ಆ ಮೂವರು ಹುಡುಗಿಯರೂ ತಟ್ಟೆಗಳ ಸುತ್ತ ನಿಂತೆವು. ಅಕ್ಕ ಕಂಟ್ರೋಲು ತಟ್ಟೆ ತೆರೆದಳು. ಖಾಲಿ. "ನೋಡಿ! ಕಂಟ್ರೋಲು ಎಷ್ಟು ಚೆನ್ನಾಗಿ ಬಂದಿದೆ!" ಎಂದು ಕುಣಿದಳು.

ಇನ್ನೊಂದು ತಟ್ಟೆ ತೆರೆದಳು. ಅದೂ ಖಾಲಿ.

"ಅಕ್ಕ, ಇದರಲ್ಲೂ ಏನೂ ಇಲ್ವಲ್ಲ."

"ಅದು ಬೇರೆ ವಿಷಯ. ಕಂಟ್ರೋಲು ಮಾತ್ರ ಸರಿಯಾಗಿದೆ." ಹೀಗೆ ಅಂದವಳೇ ಒಳಗೆ ಹೋಗಿ ಹತ್ತು ನಿಮಿಷ ಹೊರಗೆ ಬರಲಿಲ್ಲ.

ತಪ್ಪು ಥರ್ಮಾಮೀಟರಿನದು. ಅದು ನಲವತ್ತೆರಡು ಡಿಗ್ರಿ ಎಂದು ತೋರಿಸಿದ ನೀರಿನಲ್ಲಿ ಪಾಪದವು ಬೆಂದೇ ಹೋಗಿದ್ದವು! ಹೊಸ ಥರ್ಮಾಮೀಟರು ಬಂತು. ಸೊನ್ನೆ ನೆನೆಸಿದ ನೀರು ಇನ್ನೊಂದೇ ಸಲಕ್ಕೆ ಆಗುವಷ್ಟಿತ್ತು. ಈ ಸಲ ತಟ್ಟೆ ತೆರೆದಾಗ ಏಳು ಚುಕ್ಕೆ. ಸಾಬೂದಾನಿಯನ್ನು ಇನ್ನೂ ಸಣ್ಣದಾಗಿ ಒಡೆದಂತೆ ಬೆಳ್ಳಗೆ ಏಳು ಚುಕ್ಕೆ. ಅಕ್ಕನ ತವರು ಪಾವಗಡದ ಗಡಿ, ಸುಖ ಬಂದರೂ ಕೋಪ ಬಂದರೂ ಬಾಯಿಗೆ ತೆಲುಗು ಬರುತ್ತದೆ. "ಒಕಟಿ, ರೆಂಡು, ಮೂಡು..." ಎಂದು ಏಳರವರೆಗೆ ಎಣಿಸಿದಳು. ಮತ್ತೆ ಮೊದಲಿಂದ ಎಣಿಸಿದಳು. ಬಾಣಂತಿ ಮಗುವಿನ ಬೆರಳು ಎಣಿಸುವುದನ್ನು ನೋಡಿದ್ದೀರಲ್ಲ, ಹಾಗೆ.

ಚುಕ್ಕೆ ಬಂದರೆ ಸಾಕೆ? ಅವನ್ನು ಹೂಜಿಯಂಥ ಗಾಜಿನ ಸೀಸೆಯಲ್ಲಿ ಅವಕ್ಕೆಂದೇ ಮಾಡಿದ ಸಾರು ಹಾಕಿ ಬೆಳೆಸಬೇಕು. (ಆ ಸಾರಿಗೆ ಉಪ್ಪು ಹಾಕುತ್ತಾಳೆ, ಗ್ರಾಂ ಲೆಕ್ಕದಲ್ಲಿ! ಭಾವ ಅದನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದರು.) ಸೀಸೆಯನ್ನು ಬಿಡದೆ ಆಡಿಸುತ್ತಿರಬೇಕು. ಬೆಳೆದ ಮೇಲೆ "ಈಗ ಮಾಡಿ" ಎಂದು ಎಬ್ಬಿಸುವ ಔಷಧಿ ಹಾಕಿ, ತಂಪಿನಲ್ಲಿಟ್ಟು ಆರೇಳು ಗಂಟೆ ಮತ್ತೆ ಆಡಿಸಬೇಕು. ಸೆಕೆಯಲ್ಲಿ ಅವಸರಕ್ಕೆ ಬಿದ್ದರೆ ನ್ಯಾನೊಬಾಡಿ ಸರಿಯಾಗಿ ಮಡಚಿಕೊಳ್ಳುವುದಿಲ್ಲವಂತೆ. ಮಧುಗಿರಿಯ ಏಪ್ರಿಲ್ಲಿನಲ್ಲಿ ತಂಪು! ಸುಡುವ ಹೆಬ್ಬಂಡೆಯ ಮಗ್ಗುಲಲ್ಲಿ ಕುಳಿತು ತಂಪು!

ಸಾಲದ್ದಕ್ಕೆ ಕರೆಂಟು ಹೋಗಿ ಬಂದು ಮಾಡಿ ಸೀಸೆ ಆಡಿಸುವ ಯಂತ್ರದ ಮೋಟಾರು ಸುಟ್ಟಿತು. ನನ್ನ ಗಂಡ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಕಣ್ಣು ಹಾಯುವಷ್ಟು ದೂರವೂ ಬಿಸಿಲು ಕುಡಿಯುವ ಗಾಜಿನ ಹಲಗೆಗಳು. "ಚಿಕ್ಕೋಳೇ, ನಿನ್ ಗಂಡ ಅಷ್ಟೊಂದು ಬಿಸ್ಲು ಕೊಯ್ದು ಯಾರ್ ಮನೇಗೆ ಹಾಕ್ತಾವ್ನೆ?" ಎಂದು ಅತ್ತೆ ನನ್ನನ್ನು ಕೇಳಿದರು. ಆ ಪ್ರಶ್ನೆಯನ್ನು ನಾನು ಹಾಗೇ ಗಂಡನಿಗೆ ದಾಟಿಸಿದೆ.

ಅಕ್ಕ ಸೋಲುವವಳಲ್ಲ. ಸೋಡಾ ಫ್ಯಾಕ್ಟರಿಯಿಂದ ಐಸಿನ ಗಡ್ಡೆ ಬಂತು. ದೊಡ್ಡ ಟಬ್ಬಿನ ನೀರಿಗೆ ಐಸು ಹಾಕುತ್ತಾ ತೆಗೆಯುತ್ತಾ ಇಪ್ಪತ್ತೈದು ಡಿಗ್ರಿಗೆ ನಿಲ್ಲಿಸುವುದು, ಅದರಲ್ಲಿ ಸೀಸೆ ಹಿಡಿದು ಕೈಯಲ್ಲೇ ಆಡಿಸುವುದು. ಬೆಳಗಿನಿಂದ ಸಂಜೆಯವರೆಗೆ ಪಾಳಿ. ಹುಡುಗಿಯರು ಮೂವರು, ನಾನು, ಮತ್ತು ಮಂಡಿಗೆ ಬೀಗ ಹಾಕಿಸಿ ಎಳೆದು ತಂದ ಭಾವ.

"ಆಡಿಸಿ ರೀ, ಕುಲುಕಬೇಡಿ! ಅದೇನು ಕಡಲೇಕಾಯಿ ಚೀಲವಾ?"

"ನಮ್ ಮಕ್ಳನ್ನೇ ಇಷ್ಟು ತೂಗ್ಲಿಲ್ಲ ಕಣೆ ನಾನು."

"ಅದಕ್ಕೇ ಅವು ಹಂಗಿವೆ!"

ನನ್ನ ಪಾಳಿ ಬಂದಾಗ ಬೇಜಾರು ಕಳೆಯಲು ತರಗತಿಯ ಹಳೆಗನ್ನಡ ಪದ್ಯ ಹೇಳಿಕೊಳ್ಳುತ್ತಾ ಆಡಿಸಿದೆ. ಕಂದಪದ್ಯದ ಗತಿಗೆ ಮಣಿಕಟ್ಟು ತಾನಾಗಿಯೇ ತಿರುಗುತ್ತಿತ್ತು. ಅಕ್ಕ ಗಡಿಯಾರ ಹಿಡಿದು ಸುತ್ತು ಎಣಿಸಿದಳು. "ಕಂದ ಸಾಲದು ಕಣೆ, ತೀರಾ ನಿಧಾನ. ರಗಳೆ ಹೇಳು." ರಗಳೆ ಹೇಳಿದೆ. "ಹಾಂ, ಇದು ಸರಿಯಾದ ವೇಗ!" ಕನ್ನಡ ಛಂದಸ್ಸಿಗೆ ಇಂಥದ್ದೊಂದು ಉಪಯೋಗವಿದೆ ಎಂದು ನನಗೆ ಪಾಠ ಹೇಳಿದವರಾರೂ ಹೇಳಿರಲಿಲ್ಲ!

ಒಂದು ಸೀಸೆಗೆ ಎಬ್ಬಿಸುವ ಔಷಧಿ ಬಿತ್ತು, ಇನ್ನೊಂದಕ್ಕೆ ಇಲ್ಲ. ಅಕ್ಕ ಮೊದಲ ಸೀಸೆಯ ಹತ್ತಿರ ಬಾಯಿ ತಂದು, "ಲೇವಂಡಮ್ಮಾ, ತೆಲ್ಲಾರಿಂದಿ" ಅಂದಳು. ಏಳಿರಮ್ಮ, ಬೆಳಗಾಯಿತು ಅಂತ. ಸಿರಾದ ಹುಡುಗಿ ಮೆಲ್ಲಗೆ ಕೇಳಿದಳು. "ಮೇಡಂ, ಅದಕ್ಕೆ ಉರ್ದು ಮಾತ್ರ ಬರೋದಾದ್ರೆ?"

ಸಂಜೆ ಅವನ್ನೆಲ್ಲ ಯಂತ್ರದಲ್ಲಿ ಗಿರ್ರನೆ ತಿರುಗಿಸಿ ತಳಕ್ಕೆ ಕೂರಿಸಿ, ಎರಡು ಚಿಕ್ಕ ನಳಿಕೆಗಳಲ್ಲಿ ಮುಚ್ಚಿಟ್ಟು, ಮಿಕ್ಕದ್ದಕ್ಕೆ ಬ್ಲೀಚಿಂಗ್ ನೀರು ಸುರಿದಳು. ಪ್ರಯೋಗಾಲಯದಿಂದ ಒಂದು ಹನಿಯೂ ಹೊರಗೆ ಹೋಗಬಾರದೆಂಬ ನಿಯಮವಂತೆ. ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ದಂಗಾದರು. "ಹುಟ್ಸಿದ್ದೂ ನೀನೇ, ಸಾಕಿದ್ದೂ ನೀನೇ, ಕೊಂದಿದ್ದೂ ನೀನೇ. ನಮ್ ಶಿವಪ್ಪಂಗೆ ಇನ್ನೇನ್ ಕೆಲ್ಸ ಉಳಿಸ್ದೆ?"

ಅಧ್ಯಕ್ಷರು ಬರುವ ದಿನಕ್ಕೆ ಕೋಣೆ ಕತ್ತಲಾಗಬೇಕಿತ್ತು. ಆ ಕೋಣೆಗೋ ನಾಲ್ಕು ಕಿಟಕಿ, ಪರದೆ ಇಲ್ಲ. ಅತ್ತೆಯ ಹತ್ತಿರ ಸಿರಾ ಸಂತೆಯಲ್ಲಿ ಕೊಂಡ ಎರಡು ದಪ್ಪ ಕರೀ ಕಂಬಳಿಗಳಿದ್ದವು. ಮೂರು ಕಿಟಕಿಗೆ ರಟ್ಟು ಹೊಡೆದು, ದೊಡ್ಡ ಕಿಟಕಿಗೆ ಕಂಬಳಿ ಎಂದಾಯಿತು. ಅತ್ತೆ ತಡವರಿಸುತ್ತಾ ಪೆಟ್ಟಿಗೆಯಿಂದ ತೆಗೆದುಕೊಟ್ಟರು. ಎರಡು ವರ್ಷದಿಂದ ಅವರಿಗೆ ಕಣ್ಣು ಮಂಜು. ಹಗಲು ಅಂಗಳಕ್ಕೆ ಬಂದರೆ ಸಾಕು, ಎಲ್ಲ ಬೆಳ್ಳಗೆ ಸುಣ್ಣ ಬಳಿದಂತೆ, ಒಂದು ಮುಖವೂ ಕಾಣದು. ಪೊರೆ ತೆಗೆಸೋಣವೆಂದು ಅಕ್ಕ ಎಷ್ಟು ಸಲ ಬೇಡಿಕೊಂಡಳೋ! "ತೀರೋಗಿರೋ ಕಣ್ಗೆ ಕತ್ರಿ ಯಾಕ್ ಹಾಕಿಸ್ತೀರಾ? ಒಳಗಿನ ಕಣ್ಣೇ ಹೋಗೈತೆ, ನಂಗೊತ್ತಿಲ್ವಾ? ಬುಟ್ಬುಡ್ರಿ" ಎಂದು ಮಾತು ಮುಗಿಸಿಬಿಡುತ್ತಿದ್ದರು. ಅಂದೂ ಹೇಳಿದ್ದು ಇಷ್ಟೇ. "ಕಂಬ್ಳಿಗೆ ಮೊಳೆ ಹೊಡ್ದು ಹಾಳು ಮಾಡ್ಬುಟ್ಟೀರಾ, ಹುಷಾರು."

ಹೊಡೆದದ್ದು ಮೊಳೆಯನ್ನೇ.

ಬೆಳಿಗ್ಗೆ ಹನ್ನೊಂದಕ್ಕೆ ಅಧ್ಯಕ್ಷರೂ ಸಮಿತಿಯ ಇನ್ನಿಬ್ಬರೂ ಬಂದರು. ಬಾಗಿಲು ಮುಚ್ಚಿತು. ಕತ್ತಲು. ಯಾರೋ ಯಾರದೋ ಕಾಲು ತುಳಿದರು. "ಅಯ್ಯಪ್ಪಾ!" ಅದು ಭಾವನ ದನಿ. ಆಮೇಲೆ ಅಕ್ಕ ನೀಲಿ ದೀಪ ಹಚ್ಚಿ, ಅದರ ಮುಂದೆ ನಳಿಕೆಗಳನ್ನಿಟ್ಟು, ಕಿತ್ತಳೆ ಬಣ್ಣದ ಹಾಳೆಯೊಂದನ್ನು ಅಡ್ಡ ಹಿಡಿದಳು.

ಒಂದು ನಳಿಕೆಯ ತಳದಲ್ಲಿ ಹಸಿರು ಹೊತ್ತಿಕೊಂಡಿತು. ಮಿಂಚುಹುಳುವಿನಂತೆ ಮಿಣುಕುವುದಲ್ಲ. ನಿಂತ ಬೆಳಕು, ಎಳೆಯ ಬಾಳೆಸುಳಿಗೆ ಹಿಂದಿನಿಂದ ಬಿಸಿಲು ಬಿದ್ದಂತೆ. "ಯಾ ಅಲ್ಲಾ" ಅಂದಳು ಸಿರಾದವಳು. "ಅಬ್ಬಾ, ಚೂಡು ಚೂಡು" ಎಂದು ಪಕ್ಕದವಳಿಗೆ ತೋರಿಸಿದಳು ರಾಯಚರ್ಲಿನವಳು. ಕೊರಟಗೆರೆಯವಳು ನನ್ನ ಕೈ ಹಿಡಿದುಕೊಂಡಳು.

ಅಧ್ಯಕ್ಷರು ಬಗ್ಗಿ ನೋಡಿದರು. ವ್ಯಾಪಾರಸ್ಥರು, ಸುಲಭಕ್ಕೆ ನಂಬುವವರಲ್ಲ. "ಒಳಗೆ ಬಲ್ಬ್ ಇಟ್ಟಿದ್ದೀರೇನಮ್ಮ?"

"ಪಕ್ಕದ್ದನ್ನೂ ನೋಡಿ ಸಾರ್. ಅದೇ ಬ್ಯಾಕ್ಟೀರಿಯಾ, ಅದೇ ಊಟ, ಅದೇ ದೀಪ. ಎಬ್ಬಿಸೋ ಔಷಧಿ ಮಾತ್ರ ಹಾಕಿಲ್ಲ."

"ಅದು ಬೆಳಗ್ತಾ ಇಲ್ವಲ್ಲ?"

"ಅದು ಕಂಟ್ರೋಲು ಸಾರ್."

ಕತ್ತಲಲ್ಲಿ ಭಾವನ ದನಿ ಬಂತು. "ಬೆಳಗದೇ ಇರೋದು ನಾನು ಸಾರ್!"

ಅಧ್ಯಕ್ಷರು ನಕ್ಕದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಅಕ್ಕ ಅವರಿಗೆ ಕಡಲೇಕಾಯಿಯ ವಿಷ ಹಿಡಿಯುವ ಕಥೆಯನ್ನೆಲ್ಲ ಹೇಳಿದಳು. ಕೇಳುತ್ತಾ ಕೇಳುತ್ತಾ ಅವರ ನಗು ಸಣ್ಣದಾಯಿತು. "ಆಯ್ತಮ್ಮ, ಈ ವರ್ಷ ವಿಭಾಗ ಇರ್ಲಿ, ರೂಮೂ ನಿಮ್ಗೇ ಇರ್ಲಿ. ಕಾಣಂಗೇ ತೋರ್ಸಿದ್ದೀರಿ. ಆದ್ರೆ ನಮ್ ಮಿಲ್ಲಿನ ಕಾಯಿ ತಂದು ಇದಕ್ಕೆ ಗಿದಕ್ಕೆ ಹಾಕೋದು ಬ್ಯಾಡ."

"ಕಂಟ್ರೋಲಿಗೆ ಒಂದು ಹಿಡಿ ಬೇಕಾಗುತ್ತಲ್ಲ ಸಾರ್!"

ಅಧ್ಯಕ್ಷರು ಬೇಗ ಬೇಗ ಹೊರಟರು. ಹುಡುಗಿಯರು ಅವರನ್ನು ಬೀಳ್ಕೊಡುವ ನೆಪದಲ್ಲಿ ಕೂಗಾಡುತ್ತಾ ಹೊರಗೋಡಿದರು.

ಅವರ ಕಾರು ಗೇಟು ದಾಟುತ್ತಿದ್ದಂತೆ ಒಂದು ಆಟೋ ಬಂದು ನಿಂತಿತು. ಇಳಿದವರು ಅತ್ತೆ! ಕಂಬಳಿಗೆ ಮೊಳೆ ಹೊಡೆದ ಸುದ್ದಿ ಅದು ಹೇಗೋ ಮನೆ ಮುಟ್ಟಿತ್ತು. ನಾನು ಕೈಹಿಡಿದು ಒಳಗೆ ಕರೆತಂದು ಬಾಗಿಲು ಮುಚ್ಚಿದೆ. ಅಕ್ಕ ಇನ್ನೂ ನೀಲಿ ದೀಪದ ಮುಂದೆ ಹಾಳೆ ಹಿಡಿದು ನಿಂತಿದ್ದಳು. ಅತ್ತೆ ಬೈಯಲು ಬಾಯಿ ತೆರೆದವರು ಹಾಗೇ ನಿಂತರು.

"ಅದೇನೇ ಅದು?"

"ಯಾವುದು ಅತ್ತೆ?"

"ಅಲ್ಲಿ. ಹಸ್ರುಗೆ, ಒಂದ್ ಚೂರು ಐತಲ್ಲ."

ಯಾರೂ ಅವರಿಗೆ ತೋರಿಸಿರಲಿಲ್ಲ. ಎಲ್ಲಿದೆ ಎಂದೂ ಹೇಳಿರಲಿಲ್ಲ. ಅಕ್ಕ ನಳಿಕೆಯನ್ನು ಮೆಲ್ಲಗೆ ಎಡಕ್ಕೆ ಸರಿಸಿದಳು. ಅತ್ತೆಯ ಮುಖ ಎಡಕ್ಕೆ ತಿರುಗಿತು. ಬಲಕ್ಕೆ ಸರಿಸಿದಳು. ಮುಖ ಬಲಕ್ಕೆ ಬಂತು. ಮುಷ್ಟಿಯಲ್ಲಿ ಮುಚ್ಚಿದಳು.

"ಎಲ್ಲೋಯ್ತು?" ಅಂದರು ಅತ್ತೆ.

ಬೆಳಗದ ನಳಿಕೆಯನ್ನು ದೀಪದ ಮುಂದಿಟ್ಟಳು. "ಈಗ?"

"ಏನಿಲ್ಲ."

ಮತ್ತೆ ಮೊದಲಿನದು.

"ಆಂ, ಬಂತು ನೋಡು. ಎಷ್ಟ್ ಚೆಂದಾಗೈತೆ ಕಣೆ!"

"ಅತ್ತೆ" ಎಂದಳು ಅಕ್ಕ. ಪಾಠ ಹೇಳುವ ದನಿ ಎಲ್ಲೋ ಹೋಗಿಬಿಟ್ಟಿತ್ತು. "ನಿಮ್ಮ ಕಣ್ಣು ತೀರಿ ಹೋಗಿಲ್ಲ. ಒಳಗಿನ ಕಣ್ಣು ಇದೆ. ಪೊರೆ ಅಡ್ಡ ನಿಂತಿದೆ ಅಷ್ಟೇ. ಬಿಸಿಲಲ್ಲಿ ಅದೇ ಕುಕ್ಕುತ್ತೆ, ಕತ್ತಲಲ್ಲಿ ಬೆಳಕಿಗೆ ದಾರಿ ಸಿಗ್ತಿದೆ. ತೆಗೆಸಿದ್ರೆ ಕಾಣುತ್ತೆ."

ಭಾವ ಸದ್ದಿಲ್ಲದೆ ಕಿಟಕಿಯ ಹತ್ತಿರ ಹೋಗಿ ಕಂಬಳಿಯ ಒಂದು ಮೊಳೆ ಕಿತ್ತರು. ಮೂಲೆ ಜೋತು ಬಿತ್ತು. ಅಂಗೈಯಗಲದ ಬೆಳಕು ಓರೆಯಾಗಿ ಬಂದು ಅಕ್ಕನ ಮುಖದ ಮೇಲೆ ಬಿತ್ತು. ಅತ್ತೆ ಎರಡು ಹೆಜ್ಜೆ ಮುಂದೆ ಬಂದರು. ಸೊಸೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಎರಡು ವರ್ಷವಾಗಿತ್ತು ಅವರು ನಮ್ಮಲ್ಲಿ ಯಾರದಾದರೂ ಮುಖ ನೋಡಿ. ಬಹಳ ಹೊತ್ತು ನೋಡಿದರು.

"ಲೇ ದೊಡ್ಡೋಳೇ, ಹಣೇಲಿ ವಿಭೂತಿ ಎಲ್ಲೇ?"

ನಮ್ಮ ಮನೆಯಲ್ಲಿ ವಿಭೂತಿ ಇಟ್ಟುಕೊಳ್ಳದೆ ಸೊಸೆಯರು ಒಲೆ ಹಚ್ಚುವಂತಿಲ್ಲ. ಅದು ಯಾವಾಗ ತಪ್ಪಿಹೋಯಿತೋ! ಬೆಳಗಿನ ಅವಸರ, ಕೇಳುವವರಿಗೆ ಕಣ್ಣು ಕಾಣದು.

"ಕಣ್ ಕಾಣ್ದ ಮುದ್ಕಿ ಅಂತ ಬೋಳು ಹಣೇಲಿ ತಿರುಗ್ತಿದ್ದೀಯಾ? ಓದಿದೋಳು ನೀನು! ಆ ಹೆಣ್ಮಕ್ಳಿಗೂ ಇದನ್ನೇ ಕಲಿಸ್ತೀಯಾ?"

ಒಂದು ಮಾತಿಗೆ ನಾಲ್ಕು ಉತ್ತರ ಕೊಡುವ ನನ್ನ ವಾರಗಿತ್ತಿ, ನಳಿಕೆ ಹಿಡಿದುಕೊಂಡೇ, ಸಣ್ಣ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು.

"ಅಯ್ಯೋ ಇವ್ಳ! ಅಂಥದ್ದೇನಂದ್ಬುಟ್ಟೆ ನಾನು?"

"ಏನಿಲ್ಲ ಅತ್ತೆ. ಇನ್ನೊಂದು ಸಲ ಬಯ್ಯಿರಿ."

ಅತ್ತೆ ಸೆರಗಿನ ತುದಿಯಿಂದ ಅವಳ ಕೆನ್ನೆ ಒರೆಸುತ್ತಾ ಒರೆಸುತ್ತಾ ಇನ್ನೊಂದು ಸಲ ಬೈದರು. ಆಮೇಲೆ ನಾನು ನಿಂತಿದ್ದ ಕಡೆಗೆ ತಿರುಗಿದರು.

"ಚಿಕ್ಕೋಳೂ ಇಲ್ಲೇ ಅವ್ಳಲ್ಲ. ಬಾರೇ ಇತ್ಲಾಗೆ, ಬೆಳಕಿಗೆ."

ಬೋಳು ಹಣೆಯಲ್ಲೇ ಹೋಗಿ ನಿಂತೆ.